ಹದಿನೆಂಟು ಸಾಲು, ಒಂದು ಹಾಳೆ: ದಾವಣಗೆರೆಯ ಒಂದು ಪ್ರಕರಣ

"ನಂಗೆ ಮನುಷ್ಯರ ಬೆಲೆ ಗೊತ್ತಿಲ್ಲಂತೆ ನೋಡ್ರಿ ಮೇಡಂ."

ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಆಕೆಯ ಬಾಯಿಂದ ಈ ಮಾತು ಬಂತು. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಹಾಳೆ ಇತ್ತು. ಅದನ್ನು ಬಿಡಿಸಿ ಮೇಜಿನ ಮೇಲಿಟ್ಟರು. ಮಡಿಕೆಯ ಗೆರೆಗಳನ್ನು ಅಂಗೈಯಿಂದ ಒತ್ತಿ ಒತ್ತಿ ಸಪಾಟು ಮಾಡಿದರು. ದಿನಾ ನೋಟು ಎಣಿಸುವವರ ಕೈ ಅದು, ನೋಡಿದರೇ ಗೊತ್ತಾಗುತ್ತದೆ. ಹಾಳೆಯಲ್ಲಿ ಮೂರು ಬಣ್ಣದ ಪಟ್ಟಿಗಳಿದ್ದವು. ಹಸಿರು ಉದ್ದ, ಹಳದಿ ಮಧ್ಯಮ, ಕೆಂಪು ಗಿಡ್ಡ. ಕೆಂಪು ಪಟ್ಟಿಯ ಪಕ್ಕದಲ್ಲಿ ಇಂಗ್ಲಿಷಿನ ಒಂದು ಸಾಲು. ವ್ಯಕ್ತಿಗಳ ಬೆಲೆ ಗುರುತಿಸುವುದರಲ್ಲಿ ಹಿಂದೆ, ಸುಧಾರಣೆ ಬೇಕು ಎಂದು ಅದರ ಅರ್ಥ.

ದಾವಣಗೆರೆಯಲ್ಲಿ ನಾನು ಆಪ್ತಸಮಾಲೋಚನೆ ಮಾಡುತ್ತೇನೆ. ಹದಡಿ ರಸ್ತೆ ಕಡೆ ಒಂದು ಚಿಕ್ಕ ಕೋಣೆ, ಸಂಜೆ ಹೊತ್ತು ಮಾತ್ರ. ಬರುವವರಲ್ಲಿ ಜಾಸ್ತಿ ಜನ ಪರೀಕ್ಷೆಯ ಭಯದ ಮಕ್ಕಳು, ಇಲ್ಲಾಂದ್ರೆ ಗಂಡ ಹೆಂಡತಿ ಜಗಳ. ಮನಃಶಾಸ್ತ್ರದ ಪರೀಕ್ಷೆಯ ಫಲಿತಾಂಶ ಹಿಡಿದುಕೊಂಡು, ಇದು ನಿಜವಾ ಎಂದು ಕೇಳಲು ಬಂದವರು ಇವರೇ ಮೊದಲು. ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಆಕೆಗೆ 34 ವರ್ಷ. ಒಂದು ಪತ್ತಿನ ಸಹಕಾರ ಸಂಘದಲ್ಲಿ ಕ್ಯಾಷಿಯರ್. ಸೇರಿದ್ದು ಪಿಗ್ಮಿ ಕಲೆಕ್ಟರ್ ಆಗಿ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಶುರುಮಾಡಿದ ಪಿಗ್ಮಿ ಠೇವಣಿ ನಮ್ಮ ಕಡೆ ಇವತ್ತಿಗೂ ಜೀವಂತವಾಗಿದೆ. ಮಂಡಿಪೇಟೆ, ಚೌಕಿಪೇಟೆಯ ಅಂಗಡಿಗಳಿಗೆ ದಿನಾ ಹೋಗಿ, ಐವತ್ತು ನೂರು ರೂಪಾಯಿ ಇಸಕೊಂಡು, ಪುಸ್ತಕದಲ್ಲಿ ಬರೆದು ಕೊಡುವ ಕೆಲಸ. ನಾಲ್ಕು ವರ್ಷ ಅದನ್ನೇ ಮಾಡಿ ಆಮೇಲೆ ಕೌಂಟರಿಗೆ ಬಂದರು. ಸಂಘ ಹೊಸ ಶಾಖೆ ತೆರೆಯಲು ಹೊರಟಾಗ ಮ್ಯಾನೇಜರ್ ಹುದ್ದೆಗೆ ಒಳಗಿನವರೇ ಇಬ್ಬರು ನಿಂತರು, ಇವರು ಮತ್ತು ಇನ್ನೊಬ್ಬರು. ಆಡಳಿತ ಮಂಡಳಿಯವರು ಹೊರಗಿನ ಒಂದು ಏಜೆನ್ಸಿಯನ್ನು ಕರೆಸಿ ಇಬ್ಬರಿಗೂ ಮೊಬೈಲಿನಲ್ಲಿ ಒಂದು ಪರೀಕ್ಷೆ ಕೊಡಿಸಿದರು. ಪ್ರಶ್ನೆಗಳಿಲ್ಲ. ಇಂಗ್ಲಿಷಿನ 18 ಸಾಲುಗಳು. ತುಂಬಾ ಒಳ್ಳೆಯದು ಎನಿಸಿದ್ದಕ್ಕೆ 1, ತುಂಬಾ ಕೆಟ್ಟದ್ದು ಎನಿಸಿದ್ದಕ್ಕೆ 18, ಹೀಗೆ ಬೆರಳಿನಿಂದ ಎಳೆದು ಜೋಡಿಸಬೇಕು. ಮುಗಿದ ಮೇಲೆ ತನ್ನ ಬಗ್ಗೆ, ತನ್ನ ಕೆಲಸದ ಬಗ್ಗೆ ಇನ್ನೂ 18. ಎಲ್ಲಾ ಸೇರಿ 25 ನಿಮಿಷ. ವಾರದ ನಂತರ ಹುದ್ದೆ ಇನ್ನೊಬ್ಬರಿಗೆ ಹೋಯಿತು. ಇವರ ಕೈಗೆ ಈ ಹಾಳೆ ಬಂತು.

ಹುದ್ದೆ ಹೋದ ಬೇಜಾರಿಗಿಂತ ಆ ಒಂದು ಸಾಲಿನ ನೋವೇ ಜಾಸ್ತಿ ಇತ್ತು. "ಹನ್ನೊಂದು ವರ್ಷ ಜನರ ಮಧ್ಯೆನೇ ಇದ್ದೀನಿ. ನನ್ನ ಅತ್ತೆಗೆ ಇದನ್ನ ಓದಿ ಹೇಳ್ಲಾ ಬೇಡ್ವಾ ಅಂತ ಎರಡು ದಿನ ಯೋಚನೆ ಮಾಡಿದೆ," ಅಂದರು.

ಈ ಪಟ್ಟಿ ಎಲ್ಲಿಂದ ಬಂತು

ಈ ತರಹದ 18 ಸಾಲಿನ ಪಟ್ಟಿಯ ಹಿಂದಿರುವವರು ರಾಬರ್ಟ್ ಹಾರ್ಟ್‌ಮನ್ ಎಂಬ ತತ್ವಜ್ಞಾನಿ. 1910ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿ, ನಾಜಿಗಳನ್ನು ವಿರೋಧಿಸಿ ದೇಶ ಬಿಟ್ಟವರು. ಕೆಟ್ಟದ್ದನ್ನು ಇಷ್ಟು ವ್ಯವಸ್ಥಿತವಾಗಿ ನಡೆಸಲು ಸಾಧ್ಯವಾದರೆ ಒಳ್ಳೆಯದನ್ನೂ ಹಾಗೇ ನಡೆಸಲು ಯಾಕೆ ಆಗಬಾರದು ಎಂಬ ಪ್ರಶ್ನೆ ಅವರನ್ನು ಕೊನೆತನಕ ಬಿಡಲಿಲ್ಲ. ಆ ಪ್ರಶ್ನೆಗೆ ನನಗೆ ದೊಡ್ಡ ಗೌರವವಿದೆ. ಮೌಲ್ಯಕ್ಕೂ ಒಂದು ತರ್ಕ ಇದೆ, ಅದನ್ನು ಲೆಕ್ಕದಂತೆ ಬಿಡಿಸಬಹುದು ಎಂದು ಅವರು ನಂಬಿದ್ದರು. ಒಂದು ವಸ್ತುವಿಗೆ ಇರಬೇಕಾದ ಗುಣಗಳೆಲ್ಲ ಇದ್ದರೆ ಅದು ಒಳ್ಳೆಯದು, ಇದು ಅವರ ಮೂಲ ಸೂತ್ರ. ನಮ್ಮೂರಿನವರಿಗೆ ಇದನ್ನು ಅರ್ಥಮಾಡಿಸಲು ಬೆಣ್ಣೆ ದೋಸೆ ಸಾಕು. ಅಂಚು ಗರಿಗರಿ, ನಡುವೆ ಮೆತ್ತಗೆ, ಮೇಲೆ ಬೆಣ್ಣೆ, ಪಕ್ಕದಲ್ಲಿ ಆಲೂಗಡ್ಡೆ ಪಲ್ಯ, ಚಟ್ನಿ. ಇದರಲ್ಲಿ ಒಂದು ತಪ್ಪಿದರೂ ಮೊದಲ ತುತ್ತಿಗೇ ನಮಗೆ ತಿಳಿಯುತ್ತದೆ, ಅಲ್ವಾ?

ಹಾರ್ಟ್‌ಮನ್ ಪ್ರಕಾರ ನಾವು ಯಾವುದಕ್ಕಾದರೂ ಬೆಲೆ ಕಟ್ಟುವುದು ಮೂರು ಬಗೆಯಲ್ಲಿ. ಸಂಘದ ಕೌಂಟರಿಗೆ ಒಬ್ಬ ಅಜ್ಜ ಬಂದ ಅಂದುಕೊಳ್ಳಿ. ಲೆಡ್ಜರಿನಲ್ಲಿ ಆತ ಒಂದು ಸದಸ್ಯ ಸಂಖ್ಯೆ. ಇದ್ದಾನೆ ಅಥವಾ ಇಲ್ಲ, ನಿಯಮಕ್ಕೆ ಕೂರುತ್ತಾನೆ ಅಥವಾ ಕೂರುವುದಿಲ್ಲ. ಇದು ನಿಯಮದ ಕಣ್ಣು. ಕಂತು ತಪ್ಪಿಸದೆ ಕಟ್ಟುವ ಒಳ್ಳೆ ಗಿರಾಕಿ ಎಂದು ಇನ್ನೊಬ್ಬರ ಜೊತೆ ಹೋಲಿಸಿ ನೋಡುವುದು ಎರಡನೆಯದು, ಉಪಯೋಗದ ಕಣ್ಣು. ಕನ್ನಡಕದ ಕಡ್ಡಿಗೆ ದಾರ ಕಟ್ಟಿಕೊಂಡು ಬರುವ ಈ ಅಜ್ಜನ ಜಾಗದಲ್ಲಿ ಇನ್ನೊಬ್ಬರನ್ನು ನಿಲ್ಲಿಸಲು ಆಗುವುದಿಲ್ಲ ಎಂದು ನೋಡುವುದು ಮೂರನೆಯದು. ಅದು ಮನುಷ್ಯನನ್ನು ಮನುಷ್ಯನಾಗಿ ನೋಡುವ ಕಣ್ಣು. ಹಾರ್ಟ್‌ಮನ್ ಲೆಕ್ಕದಲ್ಲಿ ಇದು ಎಲ್ಲಕ್ಕಿಂತ ಮೇಲು, ನಿಯಮದ್ದು ಕೆಳಗೆ.

ಈ ಮೂರನ್ನು ಮೂರರ ಜೊತೆ ಸೇರಿಸಿದರೆ ಒಂಬತ್ತು ಜೋಡಿ. ಬೆಲೆ ಹೆಚ್ಚಿಸುವಂತೆ ಒಮ್ಮೆ, ಕೆಡಿಸುವಂತೆ ಒಮ್ಮೆ ಸೇರಿಸಿದರೆ 18. ಪಟ್ಟಿಯಲ್ಲಿ 18 ಸಾಲು ಇರುವುದು ಇದಕ್ಕೇ. ಒಳ್ಳೆಯ ಒಂಬತ್ತು ಮೇಲೆ, ಕೆಟ್ಟ ಒಂಬತ್ತು ಕೆಳಗೆ ಬರಬೇಕು. ಯಾವುದು ಯಾವ ಸ್ಥಾನಕ್ಕೆ ಎಂಬುದಕ್ಕೆ ತರ್ಕದಿಂದ ಬಂದ ಒಂದು ಕ್ರಮ ಮೊದಲೇ ಇದೆ. ನೀವು ಜೋಡಿಸಿದ್ದು ಅದರಿಂದ ಎಷ್ಟು ದೂರ ಇದೆ ಎಂದು ಯಂತ್ರ ಎಣಿಸುತ್ತದೆ. ದೂರ ಕಡಿಮೆಯಾದಷ್ಟೂ ನಿಮ್ಮ ವಿವೇಚನೆ ಚೆನ್ನಾಗಿದೆ ಎಂದು ಲೆಕ್ಕ.

ಪಟ್ಟಿಯ ಸಾಲುಗಳನ್ನು ಇಲ್ಲಿ ಬರೆಯುವುದಿಲ್ಲ. ಅವು ಹಕ್ಕು ಕಾಯ್ದಿರಿಸಿದ ಸಾಲುಗಳು. ಮೊದಲೇ ನೋಡಿದವರಿಗೆ ಪರೀಕ್ಷೆ ಕೆಟ್ಟುಹೋಗುತ್ತದೆ ಎಂಬುದು ಇನ್ನೊಂದು ಕಾರಣ.

ದಂಡದ ಸಾಲು

ನೆಟ್ ಹೋಗಿಬಿಟ್ಟರೆ ಅಂತ ಹೆದರಿ ಆಕೆ ತಮ್ಮ ಕೊನೆಯ ಜೋಡಣೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿದ್ದರು. ನಮಗೆ ಉಪಯೋಗಕ್ಕೆ ಬಂದಿದ್ದು ಅದೇ. ಏಜೆನ್ಸಿಯ ಸೂತ್ರ ನನ್ನ ಹತ್ತಿರ ಇರಲಿಲ್ಲ, ಹಾಗಾಗಿ ಅಂಕವನ್ನು ಮತ್ತೆ ಲೆಕ್ಕ ಹಾಕುವ ಗೋಜಿಗೆ ಹೋಗಲಿಲ್ಲ. ಪ್ರತಿ ಸಾಲನ್ನೂ ತೋರಿಸಿ ಎರಡೇ ಪ್ರಶ್ನೆ ಕೇಳಿದೆ. ಇದರ ಅರ್ಥ ಕನ್ನಡದಲ್ಲಿ ಏನು? ಇದನ್ನು ಇಲ್ಲಿ ಯಾಕೆ ಇಟ್ಟಿರಿ?

ಅರ್ಧ ಗಂಟೆಯೊಳಗೆ ಒಂದು ವಿಷಯ ಬಯಲಾಯಿತು. ಮೂರು ಸಾಲುಗಳ ಅರ್ಥ ಆಕೆಗೆ ಗೊತ್ತಿರಲಿಲ್ಲ. "ಗೊತ್ತಿಲ್ಲದ್ದನ್ನೆಲ್ಲ ಮಧ್ಯಕ್ಕೆ ತಳ್ಳಿದೆ ಮೇಡಂ. ಆ ಕಡೆನೂ ಬೇಡ, ಈ ಕಡೆನೂ ಬೇಡ ಅಂತ." ಎಷ್ಟು ಸಹಜ ನೋಡಿ. ಆದರೆ ಆ ಮೂರರಲ್ಲಿ ಒಂದು ಮೇಲಿನ ತುದಿಗೆ ಸೇರಬೇಕಾದ್ದು, ಇನ್ನೊಂದು ಕೆಳಗಿನ ತುದಿಗೆ. ತುದಿಯದ್ದು ನಡುವಿಗೆ ಬಂದರೆ ದೂರ ಏಳೆಂಟು ಸ್ಥಾನ. ಇಂಗ್ಲಿಷಿನ ಎರಡು ಪದ ಬರದಿದ್ದುದು ಹಾಳೆಯ ಮೇಲೆ ಮನುಷ್ಯರ ಬೆಲೆ ತಿಳಿಯದ ಗುಣವಾಗಿ ಬಂದಿತ್ತು. ಇದನ್ನು ಕಂಡಾಗ ನನಗೆ ಸಿಟ್ಟು ಬಂತು, ಈಗಲೂ ಇದೆ. ಆಕೆ ದಿನಾ ಮಾತಾಡುವುದು, ಲೆಕ್ಕ ಬರೆಯುವುದು, ಸಾಲದ ಅರ್ಜಿ ಓದುವುದು ಕನ್ನಡದಲ್ಲಿ. ಶಾಖೆಗೆ ಬರುವವರೂ ಕನ್ನಡದವರೇ. ಆಕೆಯ ವಿವೇಚನೆಯನ್ನು ಅಳೆಯುವ ಆ 25 ನಿಮಿಷದಲ್ಲಿ ಮಾತ್ರ ಕನ್ನಡ ಇರಲಿಲ್ಲ.

ಎಲ್ಲವೂ ಭಾಷೆಯ ತೊಂದರೆಯೇ ಆಗಿದ್ದರೆ ಈ ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತು. ದಂಡಕ್ಕೆ ಸಂಬಂಧಿಸಿದ ಒಂದು ಸಾಲಿತ್ತು. ಅದರ ಅರ್ಥ ಆಕೆಗೆ ಚೆನ್ನಾಗಿಯೇ ಗೊತ್ತಿತ್ತು. ಫೈನ್ ಅನ್ನುವುದು ಕೌಂಟರಿನಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು. ಪಟ್ಟಿಯ ತರ್ಕದಲ್ಲಿ ದಂಡ ಕೆಟ್ಟ ಒಂಬತ್ತರ ಗುಂಪಿನದು. ಆಕೆ ಅದನ್ನು 6ನೇ ಸ್ಥಾನದಲ್ಲಿ ಇಟ್ಟಿದ್ದರು.

"ಇಷ್ಟು ಮೇಲೆ ಯಾಕೆ?" ಅಂತ ಕೇಳಿದೆ.

"ದಂಡ ಇಲ್ಲಾಂದ್ರೆ ಕಂತು ಬರಲ್ಲ ಮೇಡಂ."

"ಬರದಿದ್ರೆ?"

"ಕಂತು ಬರದಿದ್ರೆ ಠೇವಣಿ ಇಟ್ಟಿರೋ ಅಜ್ಜಿಗೆ ಎಲ್ಲಿಂದ ಕೊಡ್ತೀರಿ? ನಮ್ಮಲ್ಲಿ ಒಬ್ರು ಇದಾರೆ. ಮಂಡಕ್ಕಿ ಭಟ್ಟಿಲಿ ಕೆಲಸ ಮಾಡಿ ಕೂಡಿಟ್ಟ ದುಡ್ಡು. ಮೊಮ್ಮಗಳ ಮದುವೆಗೆ ಅಂತ ಇಟ್ಟಿದಾರೆ. ಅವರು ಕೌಂಟರ್ ಮುಂದೆ ನಿಂತಾಗ ಇಲ್ಲ ಅನ್ನೋಕಾಗುತ್ತಾ?"

ಈ ಉತ್ತರವನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಹಾಗೇ ಬರೆದುಕೊಂಡೆ. ಹೊರಗಿನಿಂದ ನೋಡಿದರೆ ಆಕೆ ನಿಯಮವನ್ನು ಮನುಷ್ಯರಿಗಿಂತ ಮೇಲಿಟ್ಟಿದ್ದಾರೆ. ಒಳಗಿನ ಕಾರಣ ಕೇಳಿದರೆ ಅಲ್ಲಿ ಒಬ್ಬ ಅಜ್ಜಿ ನಿಂತಿದ್ದಾರೆ. ನಿಯಮ ಆಕೆಗೆ ಆ ಅಜ್ಜಿಯನ್ನು ಕಾಯುವ ಬೇಲಿ. ಹಾರ್ಟ್‌ಮನ್ ಯಾವ ಮೂರನೇ ಕಣ್ಣನ್ನು ಎಲ್ಲಕ್ಕಿಂತ ಮೇಲೆ ಇಟ್ಟರೋ ಆ ಕಣ್ಣಿನಿಂದಲೇ ಆಕೆ ದಂಡವನ್ನು ನೋಡಿದ್ದರು. ಆದರೆ ಯಂತ್ರಕ್ಕೆ ಕಾಣಿಸುವುದು ಸ್ಥಾನ ಮಾತ್ರ. 6 ಅಂದರೆ 6.

ಹಾಗಂತ ಹಾಳೆ ಪೂರ್ತಿ ಸುಳ್ಳು ಅನ್ನುವುದು ಸರಿಯಲ್ಲ. ಎರಡನೇ ಪಟ್ಟಿಯ ಫಲಿತಾಂಶ ಬೇರೆಯೇ ಒಂದು ವಿಷಯ ಹೇಳುತ್ತಿತ್ತು. ಈಕೆ ಕೆಲಸವನ್ನು ತನಗಿಂತ ತುಂಬಾ ಮೇಲೆ ಇಟ್ಟುಕೊಂಡಿದ್ದಾರೆ, ತನ್ನ ಮೇಲೆ ತಾನೇ ಕಠಿಣ ಎಂದು. ಅದನ್ನು ಓದಿ ಹೇಳಿದಾಗ ಆಕೆ ಸುಮ್ಮನಾದರು. ಜ್ವರ ಇದ್ದಾಗಲೂ ಕೌಂಟರಿಗೆ ಹೋಗಿದ್ದು, ಮಗಳ ಶಾಲೆಯ ಕಾರ್ಯಕ್ರಮಕ್ಕೆ ಮೂರು ವರ್ಷದಿಂದ ಹೋಗದೆ ಇದ್ದಿದ್ದು, ಒಂದೊಂದಾಗಿ ಹೇಳಿದರು. ಕಾಯಕವೇ ಕೈಲಾಸ ಎಂದು ಗೋಡೆ ಗೋಡೆಯ ಮೇಲೆ ಬರೆದಿರುವ ಸೀಮೆ ನಮ್ಮದು. ಕೆಲಸವನ್ನು ಮೇಲಿಡುವುದು ಇಲ್ಲಿ ಕಾಯಿಲೆ ಅಲ್ಲ, ಅದೊಂದು ನಂಬಿಕೆ. ಆದರೂ ಆಕೆಯ ಕಣ್ಣು ತುಂಬಿದ್ದು ನಿಜ. ಪರೀಕ್ಷೆ ಅಲ್ಲಿ ಒಂದು ನಿಜವಾದ ಜಾಗವನ್ನು ಮುಟ್ಟಿತ್ತು, ಅದನ್ನು ಒಪ್ಪಿಕೊಳ್ಳಬೇಕು.

ಕಾರ್ಡುಗಳು

ಎರಡನೇ ಸಲ ಬಂದಾಗ ನಾನು ಇನ್ನೊಂದು ದಾರಿ ಹಿಡಿದೆ. ಮಿಲ್ಟನ್ ರೋಕೀಚ್ ಎಂಬ ಮನಃಶಾಸ್ತ್ರಜ್ಞರು 1973ರಲ್ಲಿ ವಿವರವಾಗಿ ಪ್ರಕಟಿಸಿದ ಪದ್ಧತಿ ಅದು. ಹಾರ್ಟ್‌ಮನ್ ತೀರಿಕೊಂಡಿದ್ದೂ ಅದೇ ವರ್ಷ. ಇಲ್ಲಿಯೂ 18 ಮತ್ತು 18. ಮೊದಲನೆಯದು ಬದುಕಿನಲ್ಲಿ ಕೊನೆಗೆ ಏನು ಸಿಗಬೇಕು ಅನ್ನುವುದು: ಸ್ವಾತಂತ್ರ್ಯ, ಸಮಾನತೆ, ಮನೆಯವರ ಭದ್ರತೆ, ಮುಕ್ತಿ, ನಿಜವಾದ ಸ್ನೇಹ, ಇಂಥವು. ಎರಡನೆಯದು ಹೇಗೆ ಬದುಕಬೇಕು ಅನ್ನುವುದು: ಪ್ರಾಮಾಣಿಕತೆ, ಧೈರ್ಯ, ಕ್ಷಮಿಸುವುದು, ಹೇಳಿದ ಮಾತು ಕೇಳುವುದು, ಜವಾಬ್ದಾರಿ. ಹಾರ್ಟ್‌ಮನ್ ಪಟ್ಟಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಇಲ್ಲಿ ಸರಿಯುತ್ತರ ಇಲ್ಲ. ನಿಮ್ಮ ಕ್ರಮ ನಿಮ್ಮದು.

ಇಂತಿಷ್ಟು ಅಂಕ ಕೊಡಿ ಅನ್ನುವುದಕ್ಕಿಂತ ಸಾಲಾಗಿ ಜೋಡಿಸಿ ಅನ್ನುವುದು ಯಾಕೆ ಮೇಲು ಎಂದು ಕೇಳುವವರಿದ್ದಾರೆ. ಪ್ರಾಮಾಣಿಕತೆಗೆ ಐದಕ್ಕೆ ಎಷ್ಟು ಕೊಡುತ್ತೀರಿ ಅಂದರೆ ಎಲ್ಲರೂ ಐದೇ ಕೊಡುತ್ತಾರೆ. ಧೈರ್ಯಕ್ಕೂ ಐದು, ಜವಾಬ್ದಾರಿಗೂ ಐದು. ಯಾರ ಗಂಟು ಹೋಗಬೇಕು? ಜೋಡಿಸಬೇಕಾದಾಗ ಆ ಧಾರಾಳ ನಡೆಯುವುದಿಲ್ಲ. 1ರಿಂದ 18ರವರೆಗೆ ಕೂಡಿದರೆ ಯಾವಾಗಲೂ 171. ಒಂದನ್ನು ಮೇಲೆ ಎತ್ತಿದರೆ ಇನ್ನೊಂದು ಕೆಳಗೆ ಇಳಿಯಲೇಬೇಕು. ಒಂದು ಕೈಯ ಸಂಬಳದಲ್ಲಿ ಮನೆ ನಡೆಸುವ ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇದೇ ಕಾರಣಕ್ಕೆ ಒಂದು ಎಚ್ಚರಿಕೆಯೂ ಬೇಕು. ಆಕೆ ಪ್ರಾಮಾಣಿಕತೆಯನ್ನು 3ರಲ್ಲಿ ಇಟ್ಟು ಇನ್ನೊಬ್ಬ ಅಭ್ಯರ್ಥಿ 1ರಲ್ಲಿ ಇಟ್ಟರೆ ಆತನೇ ಹೆಚ್ಚು ಪ್ರಾಮಾಣಿಕ ಎಂದು ಅರ್ಥವಲ್ಲ. ಆಕೆಯ 3 ಆಕೆಯ ಉಳಿದ 17ರ ಜೊತೆಗಿನ ಹೋಲಿಕೆ, ಅಷ್ಟೇ. ಅವರ ತಕ್ಕಡಿ ಬೇರೆ, ಇವರ ತಕ್ಕಡಿ ಬೇರೆ. ಇಂಥ ಅಳತೆಗೆ ಆ ಹೋಲಿಕೆ ಹೊರುವ ಶಕ್ತಿ ಇಲ್ಲ ಎಂಬುದು ಮನಃಶಾಸ್ತ್ರದಲ್ಲಿ ಹಳೇ ಪಾಠ.

ರೋಕೀಚ್ ಅವರ ಒಂದು ಆವೃತ್ತಿಯಲ್ಲಿ ಅಂಟಿನ ಚೀಟಿಗಳಿದ್ದವು, ಕಿತ್ತು ಕಿತ್ತು ಜಾಗ ಬದಲಿಸಬಹುದಿತ್ತು. ನಾನು ಮದುವೆ ಆಮಂತ್ರಣದ ದಪ್ಪ ಹಾಳೆ ಕತ್ತರಿಸಿ ಕಾರ್ಡ್ ಮಾಡಿಕೊಂಡಿದ್ದೇನೆ. ಕೈಯಲ್ಲಿ ಹಿಡಿದು ಸರಿಸುವಾಗ ಬರುವ ಯೋಚನೆ ಮೊಬೈಲಿನ ಮೇಲೆ ಬೆರಳು ಎಳೆಯುವಾಗ ಬರುವುದಿಲ್ಲ ಎಂಬುದು ನನ್ನ ಅನುಭವ.

ಕಾರ್ಡಿನ ಮೇಲೆ ಯಾವ ಕನ್ನಡ ಬರೆಯಬೇಕು ಅನ್ನುವುದು ದೊಡ್ಡ ತಲೆನೋವು. ಮೂಲದಲ್ಲಿ ತನ್ನ ಬಗ್ಗೆ ತನಗಿರುವ ಗೌರವ ಒಂದು, ಸಮಾಜ ಕೊಡುವ ಮನ್ನಣೆ ಇನ್ನೊಂದು. ನಾನು ಒಂದರ ಮೇಲೆ "ಆತ್ಮಗೌರವ", ಇನ್ನೊಂದರ ಮೇಲೆ "ನಾಲ್ಕು ಜನರ ಮನ್ನಣೆ" ಎಂದು ಬರೆದಿದ್ದೆ. ಆಕೆ ಮೊದಲನೆಯದನ್ನು 7ಕ್ಕೆ, ಎರಡನೆಯದನ್ನು 15ಕ್ಕೆ ಇಟ್ಟರು. ಎಲ್ಲಾ ಕಾರ್ಡ್ ಜೋಡಿಸಿದ ಮೇಲೆ ಮೇಜಿನ ಮೇಲೆಲ್ಲ ಕಣ್ಣಾಡಿಸಿ, "ಮರ್ಯಾದೆ ಎಲ್ಲಿ ಮೇಡಂ?" ಅಂದರು.

"ಇತ್ತು ಅಂದ್ರೆ ಎಲ್ಲಿ ಇಡ್ತಿದ್ರಿ?"

"ಎರಡರಲ್ಲಿ. ಮನೆಯವರಾದ ಮೇಲೆ ಅದೇ."

ನಮ್ಮ ಜನ ಬದುಕುವುದು, ಜಗಳ ಆಡುವುದು, ಕೆಲವೊಮ್ಮೆ ಸಾಯುವುದೂ ಈ ಪದಕ್ಕಾಗಿಯೇ. ಅದರಲ್ಲಿ ಒಳಗಿನ ಗೌರವವೂ ಇದೆ, ನಾಲ್ಕು ಜನರ ಕಣ್ಣೂ ಇದೆ. ಎರಡನ್ನೂ ಬಿಡಿಸಲು ಆಗುವುದಿಲ್ಲ. ಇಂಗ್ಲಿಷಿನ ಎರಡು ಪದಗಳಿಗೆ ಸರಿಸಮ ಹುಡುಕಲು ಹೋಗಿ ಆಕೆಯ ಜೀವನದ ಎರಡನೇ ಮುಖ್ಯ ಸಂಗತಿ ನನ್ನ ಕಾರ್ಡುಗಳಲ್ಲೇ ಇರಲಿಲ್ಲ. ಹಾಳೆಯ ಆ ಕೆಂಪು ಸಾಲು ಯಾಕೆ ಅಷ್ಟು ಸುಟ್ಟಿತ್ತು ಅನ್ನುವುದೂ ನನಗೆ ಆಗಲೇ ಅರ್ಥವಾಗಿದ್ದು. ಮುಕ್ತಿಯ ಕಾರ್ಡನ್ನು ಮಾತ್ರ ಆಕೆ ಕೈಯಲ್ಲಿ ಹಿಡಿದು, "ಇದಕ್ಕೆ ನಾವು ನಂಬರ್ ಕೊಡೋದಾ?" ಅಂತ ಕೇಳಿ ಪಕ್ಕಕ್ಕೆ ಇಟ್ಟರು. ಕೊನೆಗೆ ಬೇರೆ ದಾರಿ ಇಲ್ಲದೆ 18ಕ್ಕೆ ಹೋಯಿತು. ಆ 18ಕ್ಕೆ ಕೊನೆಯದು ಎಂಬ ಅರ್ಥವಿಲ್ಲ, ನಮ್ಮ ಕೈಯಲ್ಲಿಲ್ಲ ಎಂಬ ಅರ್ಥ.

ಕೈ ನಿಂತ ಜಾಗ

ಎರಡನೇ ಗುಂಪಿನ 18 ಕಾರ್ಡುಗಳನ್ನು ಆಕೆ ಬೇಗ ಬೇಗ ಜೋಡಿಸಿದರು. ಜವಾಬ್ದಾರಿ 1, ಶುಚಿ 2, ಪ್ರಾಮಾಣಿಕತೆ 3. ಕೆಳಗಿನ ಐದಾರು ಕಾರ್ಡುಗಳೂ ಸಲೀಸಾಗಿ ಹೋದವು. ನಡುವಿನಲ್ಲಿ ಎರಡು ಕಾರ್ಡ್ ಉಳಿದವು: ಹೇಳಿದ ಮಾತು ಕೇಳುವುದು, ಧೈರ್ಯ. 8ಕ್ಕೆ ಒಂದು ಹೋಗಬೇಕು, 9ಕ್ಕೆ ಇನ್ನೊಂದು.

(ಮಾತು ಕೇಳುವುದಕ್ಕೆ ಮೊದಲು ನಾನು "ವಿಧೇಯತೆ" ಎಂದು ಬರೆದಿದ್ದೆ. ಎಲ್ಲರೂ ನಗುತ್ತಿದ್ದರು. ರಜಾ ಅರ್ಜಿಯ ಕೊನೆಯಲ್ಲಿ "ತಮ್ಮ ವಿಧೇಯ" ಎಂದು ಬರೆದು ಬರೆದು ಆ ಪದದ ಜೀವ ಹೋಗಿದೆ. ಹಾಗಾಗಿ ಬದಲಿಸಿದೆ.)

ಆಕೆ ಮಾತು ಕೇಳುವುದನ್ನು 8ಕ್ಕೆ ಇಟ್ಟರು. ತೆಗೆದರು. ಧೈರ್ಯ ಇಟ್ಟರು. ಅದನ್ನೂ ತೆಗೆದರು. ಒಂದೊಂದು ಕೈಯಲ್ಲಿ ಒಂದೊಂದು ಕಾರ್ಡ್ ಹಿಡಿದು ಕೂತುಬಿಟ್ಟರು. ಹೊರಗೆ ರಸ್ತೆಯಲ್ಲಿ ನರ್ಗಿಸ್ ಮಂಡಕ್ಕಿಯವನು ಕೂಗುತ್ತಾ ಹೋದ. ನಾನು ಏನೂ ಮಾತಾಡಲಿಲ್ಲ. ಈ ಕೆಲಸದಲ್ಲಿ ನಾನು ಕಲಿತ ಒಂದೇ ಒಂದು ಒಳ್ಳೆ ಅಭ್ಯಾಸ ಅದು: ಕೈ ನಿಂತಾಗ ಬಾಯಿ ಮುಚ್ಚಿಕೊಂಡು ಕಾಯುವುದು. ಯಾವ ಕಾರ್ಡ್ ಎಷ್ಟನೆಯದು ಎಂಬುದು ಅರ್ಧ ವಿಷಯವೂ ಅಲ್ಲ. ಕೈ ಎಲ್ಲಿ ನಿಂತಿತು, ಯಾಕೆ ನಿಂತಿತು ಅನ್ನುವುದರಲ್ಲೇ ಎಲ್ಲ ಇದೆ.

ಆಮೇಲೆ ಮಾತು ಬಂತು. ಎರಡು ವರ್ಷದ ಹಿಂದೆ ಸಂಘದ ನಿರ್ದೇಶಕರೊಬ್ಬರು ಒಂದು ಸಾಲದ ಅರ್ಜಿ ತಂದುಕೊಟ್ಟಿದ್ದರಂತೆ. ಜಾಮೀನು ಸರಿ ಇರಲಿಲ್ಲ. "ನಮ್ಮೋರೇ, ಮುಂದಕ್ಕೆ ಕಳ್ಸಮ್ಮ" ಅಂದಿದ್ದರು. ಅದು ತಪ್ಪು ಎಂದು ಆಕೆಗೆ ಗೊತ್ತಿತ್ತು.

"ಏನು ಮಾಡಿದ್ರಿ?"

"ಡ್ರಾನಲ್ಲಿ ಇಟ್ಟೆ. ಹನ್ನೊಂದು ದಿನ. ಅವರು ಕೇಳಿದಾಗೆಲ್ಲ ನೋಡ್ತೀನಿ ಸರ್ ಅಂದೆ. ಆಮೇಲೆ ಅವರೇ ಬೇರೆಯವರ ಕೈಲಿ ಮಾಡಿಸ್ಕೊಂಡ್ರು." ಸ್ವಲ್ಪ ತಡೆದು, "ನಾನು ಇಲ್ಲ ಅನ್ನಲಿಲ್ಲ ಮೇಡಂ. ಹೂಂ ಅಂತನೂ ಅನ್ನಲಿಲ್ಲ."

ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ನಡುಬಿಂದು ಇದು. ಏಜೆನ್ಸಿಯ ಹಾಳೆ ಆಕೆಗೆ ಮನುಷ್ಯರ ಬೆಲೆ ಗೊತ್ತಿಲ್ಲ ಅಂದಿತು. ಅದು ತಪ್ಪು. ಹಾಗಂತ ಆಕೆ ಮ್ಯಾನೇಜರ್ ಕುರ್ಚಿಗೆ ತಯಾರಾಗಿದ್ದರು ಅನ್ನಲೂ ಆಗುವುದಿಲ್ಲ. ಸರಿ ತಪ್ಪು ಆಕೆಗೆ ಚೆನ್ನಾಗಿ ತಿಳಿಯುತ್ತದೆ. ತಿಳಿದದ್ದನ್ನು ದೊಡ್ಡವರ ಮುಂದೆ ಬಾಯಿಬಿಟ್ಟು ಹೇಳುವ ಹೊತ್ತಿಗೆ ಕೈ ನಿಲ್ಲುತ್ತದೆ. ವಿವೇಚನೆ ಇದೆ, ಅದಕ್ಕೆ ದನಿ ಇಲ್ಲ. ಈ ಎರಡನ್ನೂ ಒಂದೇ ಅಂಕದಲ್ಲಿ ಅಳೆಯುವ ಪಟ್ಟಿಯನ್ನು ನಾನು ಇನ್ನೂ ನೋಡಿಲ್ಲ. ಆಕೆಯನ್ನು ಎದುರು ಕೂರಿಸಿಕೊಂಡು, ಇಂಥ ಒಂದು ಅರ್ಜಿ ಬಂದರೆ ಏನು ಮಾಡುತ್ತೀರಿ ಎಂದು ಮಂಡಳಿಯವರು ಕನ್ನಡದಲ್ಲಿ ಕೇಳಿದ್ದರೆ ಹತ್ತು ನಿಮಿಷದಲ್ಲಿ ತಿಳಿಯುತ್ತಿತ್ತು.

ಕೊನೆಗೆ ಮಾತು ಕೇಳುವುದು 8ಕ್ಕೆ, ಧೈರ್ಯ 9ಕ್ಕೆ ಹೋಯಿತು.

ಆಕೆ ಬಂದಿದ್ದು ಒಂದು ಪತ್ರಕ್ಕಾಗಿ. ನನ್ನ ಲೆಟರ್‌ಹೆಡ್ಡಿನಲ್ಲಿ ಇವರ ವಿವೇಚನಾ ಶಕ್ತಿ ಉತ್ತಮವಾಗಿದೆ ಎಂದು ಬರೆದುಕೊಡಿ ಎಂದರು. ನಾನು ಕೊಡಲಿಲ್ಲ. ಅವರ ಹಾಳೆಗೆ ಎದುರಾಗಿ ನನ್ನದೊಂದು ಹಾಳೆ ಇಟ್ಟರೆ ಒಂದು ಮುದ್ರೆಗೆ ಇನ್ನೊಂದು ಮುದ್ರೆ ಹೊಡೆದಂತೆ. ನನ್ನ ಕಾರ್ಡುಗಳಿಂದ ಅಂಥ ಮಾತು ಹೇಳಲು ಬರುವುದೂ ಇಲ್ಲ. ಆಕೆಗೆ ಬೇಸರವಾಯಿತು, ಮುಖ ಸಣ್ಣದಾಯಿತು. ಬದಲಿಗೆ ಸಂಘಕ್ಕೆ ಆಕೆಯೇ ಕೇಳಬಹುದಾದ ಮೂರು ವಿಷಯ ಬರೆದುಕೊಟ್ಟೆ. ಮುಂದೆ ಇಂಥ ಪರೀಕ್ಷೆ ಕೊಟ್ಟರೆ ಕನ್ನಡದಲ್ಲಿ ಕೊಡಿ, ಫಲಿತಾಂಶ ಕೊಡುವಾಗ ಒಬ್ಬರು ಎದುರು ಕೂತು ವಿವರಿಸಲಿ, ಇದೊಂದರ ಮೇಲೆಯೇ ಹುದ್ದೆ ತೀರ್ಮಾನಿಸಬೇಡಿ. ಆಕೆ ಅರ್ಜಿ ಕೊಟ್ಟರು. ಸ್ವೀಕೃತಿಯ ಸೀಲು ಹಾಕಿ ಒಂದು ಪ್ರತಿ ವಾಪಸ್ ಕೊಟ್ಟಿದ್ದಾರೆ, ಉತ್ತರ ಬಂದಿಲ್ಲ.

ಮೂರು ವಾರದ ನಂತರ ಮತ್ತೆ ಬಂದಾಗ ಮೊದಲ ಗುಂಪನ್ನು ಹಳೇ ಕ್ರಮ ತೋರಿಸದೆ ಮತ್ತೊಮ್ಮೆ ಜೋಡಿಸಿಸಿದೆ. ಎರಡು ಕ್ರಮಗಳು ಎಷ್ಟು ಹೊಂದುತ್ತವೆ ಎಂದು ನೋಡಲು ಚಾರ್ಲ್ಸ್ ಸ್ಪಿಯರ್‌ಮನ್ 1904ರಲ್ಲಿ ಕೊಟ್ಟ ಸೂತ್ರ ಸಾಕು. ಪ್ರತಿ ಕಾರ್ಡ್ ಎಷ್ಟು ಸ್ಥಾನ ಸರಿದಿದೆ ಎಂದು ಬರೆದು, ವರ್ಗ ಮಾಡಿ, ಕೂಡಬೇಕು. 18 ಕಾರ್ಡುಗಳಾದರೆ ಆ ಮೊತ್ತವನ್ನು 969ರಿಂದ ಭಾಗಿಸಿ 1ರಿಂದ ಕಳೆದರೆ ಮುಗಿಯಿತು. ಆಕೆಯ ಮೊತ್ತ 204. ಹೊಂದಾಣಿಕೆ 0.79. ಪೂರ್ತಿ ಒಂದೇ ಆಗಿದ್ದರೆ 1 ಬರುತ್ತಿತ್ತು. ಮನೆಯವರ ಭದ್ರತೆ 1ರಲ್ಲೇ ಇತ್ತು, ಮುಕ್ತಿ 18ರಲ್ಲೇ. ಸಾಮಾನ್ಯವಾಗಿ ತುದಿಗಳು ಗಟ್ಟಿ ನಿಲ್ಲುತ್ತವೆ, ನಡುವಿನವು ಅಲ್ಲಾಡುತ್ತವೆ. ಆದರೆ ಸಮಾನತೆ 11ರಿಂದ 4ಕ್ಕೆ ಏರಿತ್ತು. ಸುಖದ ಜೀವನ 5ರಿಂದ 12ಕ್ಕೆ ಇಳಿದಿತ್ತು. 204ರಲ್ಲಿ 98 ಈ ಎರಡರದ್ದೇ. ನಾನು ಕೇಳುವ ಮೊದಲೇ ಆಕೆ ಹೇಳಿದರು: "ಈ ಪರೀಕ್ಷೆ ಆದ ಮೇಲೆ ಬದಲಾಯ್ತು ಮೇಡಂ. ಒಂದೇ ತಕ್ಕಡಿ ಅಂತ ಅಂದ್ಕೊಂಡಿದ್ದೆ."

ಎದ್ದು ಹೊರಡುವ ಮುಂಚೆ ಇನ್ನೊಂದು ಮಾತು ಬಂತು. ಅದೇ ನಿರ್ದೇಶಕರು ಹಿಂದಿನ ವಾರ ಮತ್ತೊಂದು ಅರ್ಜಿ ತಂದಿದ್ದರಂತೆ. ಈ ಸಲ ಡ್ರಾ ತೆಗೆಯಲಿಲ್ಲ. "ಇದು ಆಗಲ್ಲ ಸರ್, ಜಾಮೀನು ಸರಿ ಮಾಡಿಸ್ಕೊಂಡು ಬರೋಕೆ ಹೇಳಿ ಅಂದುಬಿಟ್ಟೆ. ಕೈ ನಡುಗ್ತಿತ್ತು. ಆಮೇಲೆ ಕ್ಯಾಷ್ ಎಣಿಸಿದ್ರೆ ಎರಡು ಸಲ ತಪ್ಪಾಯ್ತು." ಅವರು ಅರ್ಜಿ ವಾಪಸ್ ತೆಗೆದುಕೊಂಡು ಹೋದರು. ಅಂದಿನಿಂದ ಆಕೆಯ ಜೊತೆ ಮಾತಾಡಿಲ್ಲ.

ಎರಡನೇ ಗುಂಪಿನ ಹಳೇ ಕ್ರಮವನ್ನು ಜೋಡಿಸಿಕೊಡಿ ಎಂದು ಆಕೆಯೇ ಕೇಳಿದರು. ನನ್ನ ಪುಸ್ತಕ ನೋಡಿ ಹಾಗೇ ಇಟ್ಟುಕೊಟ್ಟೆ. ಆಕೆ ಎರಡೇ ಕಾರ್ಡುಗಳನ್ನು ಮುಟ್ಟಿದರು. ಧೈರ್ಯ 8ಕ್ಕೆ ಬಂತು, ಮಾತು ಕೇಳುವುದು 9ಕ್ಕೆ ಹೋಯಿತು. ಸ್ಪಿಯರ್‌ಮನ್ ಸೂತ್ರಕ್ಕೆ ಹಾಕಿದರೆ ಹೊಂದಾಣಿಕೆ 0.998, ಬದಲಾವಣೆ ಇಲ್ಲ ಅನ್ನುವಷ್ಟು ಕಡಿಮೆ.

"ಇನ್ನೂ ಮೇಲೆ ಇಡಬಹುದಲ್ವಾ?" ಅಂದೆ.

ಆಕೆ ತಲೆ ಅಲ್ಲಾಡಿಸಿದರು. "ಒಂದ್ಸಲ ಅಂದಿದ್ದಕ್ಕೆ ಅಷ್ಟು ಮೇಲೆ ಇಡೋಕಾಗುತ್ತಾ ಮೇಡಂ? ಇರ್ಲಿ, ಸದ್ಯಕ್ಕೆ ಎಂಟು."